ಡಾರ್ಕಸ್ ಕೈ ಚಾಚುವ ತನಕ

ಕೂಟವನ್ನು ಮುಗಿಸುವ ಹೊಣೆ ಡಾರ್ಕಸ್ ಪೆನ್ನಕ್ ಎಂಬ ಮುದುಕಿಯದು. ಕೆಲಸವೆಂದರೆ ಇಷ್ಟೇ: ಎಲ್ಲರಿಗೂ ಮುಖ ಮಾಡಿ ಹಿರಿಯರ ಬೆಂಚಿನಲ್ಲಿ ಕೂತು, ಮೌನ ತುಂಬಿತು ಅನ್ನಿಸಿದಾಗ ಪಕ್ಕದವರ ಕೈ ಕುಲುಕಬೇಕು. ಆ ಕೈಕುಲುಕು ಬೆಂಚಿನಿಂದ ಬೆಂಚಿಗೆ ಹರಿದು ಬಾಗಿಲು ಮುಟ್ಟಿದರೆ ಆರಾಧನೆ ಮುಗಿಯಿತು. ಅಲ್ಲಿಯವರೆಗೆ ಪಾದ್ರಿಯಿಲ್ಲ, ಹಾಡಿಲ್ಲ. ದೇವರು ಮಾತು ಕೊಟ್ಟವರು ಎದ್ದು ಹೇಳುತ್ತಾರೆ. ಉಳಿದವರು ಸುಮ್ಮನೆ ಕಾಯುತ್ತಾರೆ.

ಅಮೆರಿಕದ ಒಹಾಯೊ ಗುಡ್ಡಸೀಮೆಯ ಕ್ವೇಕರರು, ಮೌನದಲ್ಲೇ ದೇವರನ್ನು ಆರಾಧಿಸುವ ಆ ಪಂಥದ ಕ್ರೈಸ್ತರೆಲ್ಲ, ವರ್ಷಕ್ಕೊಮ್ಮೆ, ಎಂಟನೆಯ ತಿಂಗಳಲ್ಲಿ, ಆ ಇಟ್ಟಿಗೆಯ ಮಂದಿರದಲ್ಲಿ ಸೇರುತ್ತಾರೆ. ಡಾರ್ಕಸ್ ಕೈಗೂಸಾಗಿ ಅದೇ ಬೆಂಚುಗಳ ಮೇಲೆ ಮಲಗಿದವಳು. ಮದುವೆಯ ದಿನ ಅದೇ ಮೌನದಲ್ಲಿ ಎದ್ದು ನಿಂತು ಗಂಡನಿಗೆ ಮಾತು ಕೊಟ್ಟವಳು. ಈಗ ಅವನು ಮಂದಿರದ ಹಿಂದಿನ ಹುಲ್ಲಿನಡಿ ಇದ್ದಾನೆ. ಬದುಕಿಗೆ ಹಸುಗಳಿದ್ದವು. ಹಸುವಿನ ಹೊಟ್ಟೆಗೆ ಹಣೆಯೊತ್ತಿ ಹಾಲು ಕರೆಯುವುದು ಅವಳ ರೂಢಿ. ಒಳಗಿನ ಕರು ಮಿಸುಕಿದರೆ ಹಣೆಗೇ ತಿಳಿಯುತ್ತಿತ್ತು. ಬಿರುದು, ಬಹುವಚನ ಆ ಜನಕ್ಕೆ ಸಲ್ಲದು. ಆಗಷ್ಟೇ ಮಾತು ಕಲಿತ ಮಗುವೂ ಅವಳನ್ನು ಡಾರ್ಕಸ್ ಎಂದೇ ಕರೆಯುತ್ತಿತ್ತು.

ತಪ್ಪು ನಡೆದದ್ದು ಹಿಂದಿನ ವರ್ಷದ ಕೂಟದಲ್ಲಿ. ಅವಳ ಕಿವಿ ಆಗಲೇ ಮಂದವಾಗಿತ್ತು. ಮಗ ತಂದುಕೊಟ್ಟಿದ್ದ ಕಿವಿಯ ಯಂತ್ರ ಮೌನದ ನಡುವೆ ಸಿಳ್ಳೆ ಹಾಕಿತು, ಮಕ್ಕಳು ಕಿಸಕ್ಕೆಂದವು. ನಾಚಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ, ಮೌನ ತುಂಬಿತೆಂದು ತಿಳಿದು, ಪಕ್ಕದಲ್ಲಿದ್ದ ನಾದಿನಿ ಮರ್ಸಿಯತ್ತ ಕೈ ಚಾಚಿದಳು. ಆ ಹೊತ್ತಿಗೆ ಕೊನೆಯ ಬೆಂಚಿನಲ್ಲಿ ಆಲ್ತಿಯಾ ಎಂಬ ಹುಡುಗಿ, ಹುಟ್ಟಿದ ಮೇಲೆ ಮೊದಲ ಸಲ, ಎದ್ದು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಚಾಚಿದ ಕೈಯನ್ನು ತಡೆಯುವ ರೂಢಿ ಅಲ್ಲಿಲ್ಲ. ಕೈಕುಲುಕು ಹರಿದು ಬಂದಿತು. ಹುಡುಗಿ ಮಾತು ಅರ್ಧಕ್ಕೇ ಬಿಟ್ಟು ಕೂತಳು.

ಕೂಟದ ಊಟ ಮುಗಿದು ತಟ್ಟೆ ತೊಳೆಯುವಾಗ ಮರ್ಸಿ ಹೇಳಿದ ಮೇಲೆಯೇ ಡಾರ್ಕಸ್‌ಗೆ ಗೊತ್ತಾದದ್ದು. ಒದ್ದೆ ಕೈಯಲ್ಲೇ ಹೋಗಿ ಕ್ಷಮೆ ಕೇಳಿದಳು.

"ಪರ್ವಾಗಿಲ್ಲ ಡಾರ್ಕಸ್," ಎಂದಳು ಹುಡುಗಿ, ಅವಳ ಕಿವಿಗೆ ಬಾಗಿ. "ಅದು ದೇವರ ಮಾತೇ ಆಗಿರ್ಲಿಲ್ವೇನೊ. ನಂದೇ ಇರ್ಬೇಕು."

ಡಾರ್ಕಸ್‌ಳನ್ನು ವರ್ಷವಿಡೀ ಚುಚ್ಚಿದ್ದು ಈ ಮಾತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಎಳೆಯ ಜೀವಕ್ಕೆ ಬಂದ ಕರೆಯನ್ನೇ ಅದು ಅನುಮಾನಿಸುವಂತೆ ಮಾಡಿದೆನಲ್ಲ ಎಂದು ಕುದಿದಳು. ಆಲ್ತಿಯಾ ಆಮೇಲೆ ಯಾವ ವಾರದ ಆರಾಧನೆಯಲ್ಲೂ ಏಳಲಿಲ್ಲ. ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದು ಡಾರ್ಕಸ್ ಹಿರಿಯರನ್ನು ಕೇಳಿಕೊಂಡಳು. ಅವರು ಆ ಮಾತನ್ನಿಟ್ಟುಕೊಂಡು ಮೌನವಾಗಿ ಕೂತರು. ಬಿಡುಗಡೆಯ ದಾರಿ ಇನ್ನೂ ಕಾಣುತ್ತಿಲ್ಲ ಎಂದರು.

ಈ ವರ್ಷದ ಕೂಟದ ಬೆಳಿಗ್ಗೆ ಮರ್ಸಿಯ ಗಂಡ ವಿಲ್ಮರ್ ಮೆಟ್ಟಿಲ ಹತ್ತಿರ ಸಿಕ್ಕಿದ.

"ಹೋದ್ವರ್ಷದ ಹಾಗೇ ಬೇಗ ಕೈ ಚಾಚು ಮಾರಾಯ್ತಿ. ಕೋಳಿ ಆರ್‌ಹೋದ್ರೆ ತಿನ್ನೋಕಾಗಲ್ಲ," ಎಂದು ಕೂಗಿದ.

"ನಿನ್ ಹೊಟ್ಟೆ ಕೂಗೋದು ಮಾತ್ರ ಅವಳಿಗೆ ಈಗ್ಲೂ ಕೇಳ್ಸತ್ತೆ, ನಡಿ ಒಳಗೆ," ಎಂದಳು ಮರ್ಸಿ.

ಕಿವಿಯ ಯಂತ್ರವೂ ಈಗ ನೆರವಿಗೆ ಬರುತ್ತಿರಲಿಲ್ಲ. ಡಾರ್ಕಸ್ ಈ ಸಲ ಕಣ್ಣು ಮುಚ್ಚಲಿಲ್ಲ. ಮುಂದೆ ಸಾಲುಸಾಲಾಗಿ ಅಜ್ಜಂದಿರು, ಸೊಸೆಯರು, ಮಡಿಲ ಕೂಸುಗಳು. ಕೊನೆಯ ಬೆಂಚಿನಲ್ಲಿ ಆಲ್ತಿಯಾ. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ರೂಢಿಯ ಹೊತ್ತು ದಾಟಿತು. ಮರ್ಸಿಯ ಮೊಣಕೈ ಮೆಲ್ಲನೆ ತಿವಿಯಿತು. ವಿಲ್ಮರ್ ಎರಡು ಸಲ ಕೆಮ್ಮಿದ್ದು ಅವನ ಎದೆ ಕುಲುಕಿದ್ದರಿಂದ ತಿಳಿಯಿತು. ಡಾರ್ಕಸ್ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

ಆಮೇಲೆ ಯಾರೂ ಮಿಸುಕಲಿಲ್ಲ. ತೊಡೆಯ ಮೇಲೆ ಒದ್ದಾಡುತ್ತಿದ್ದ ಕೂಸುಗಳು ಕಣ್ಣು ತೆರೆದುಕೊಂಡೇ ಸುಮ್ಮನಾದವು.

ಆಲ್ತಿಯಾ ಎದ್ದಳು.

ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಂತಳು. ತುಟಿ ಕಾಣಲಿಲ್ಲ. ಮಾತಾಡುತ್ತಿದ್ದಾಳೋ, ಮುಗಿಸಿದಳೋ, ಡಾರ್ಕಸ್‌ಗೆ ತಿಳಿಯುವ ದಾರಿಯಿರಲಿಲ್ಲ. ಅಂಗೈಗಳನ್ನು ತಾನು ಕೂತ ಬೆಂಚಿನ ಹಲಗೆಗೆ ಒತ್ತಿದಳು, ಹಿಂದೆ ಹಸುವಿನ ಹೊಟ್ಟೆಗೆ ಹಣೆಯೊತ್ತುತ್ತಿದ್ದ ಹಾಗೆ. ಹಲಗೆ ನಿಶ್ಚಲವಾಗಿತ್ತು. ಆದರೂ ಆ ನಿಶ್ಚಲತೆಯೊಳಗೆ ಏನೋ ಜೀವ ಹೊರಳಿದಂತಾಗಿ ಅವಳ ಮೈ ಜುಮ್ಮೆಂದಿತು. ವಿಲ್ಮರ್‌ನ ಮುಚ್ಚಿದ ಕಣ್ಣಿನಿಂದ ನೀರು ಗಲ್ಲದವರೆಗೆ ಇಳಿದಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಹುಡುಗಿ ಕೂತಳು. ಡಾರ್ಕಸ್ ಮತ್ತೂ ಕಾದಳು. ಕೊನೆಗೆ ಮರ್ಸಿಯತ್ತ ಕೈ ಚಾಚಿದಳು.

ಹೊರಗೆ ಎಂದಿನ ಗಲಾಟೆಯಿಲ್ಲ. ಜನ ಹುಲ್ಲಿನ ಮೇಲೆ ಸುಮ್ಮನೆ ನಿಂತಿದ್ದರು.

"ಏನ್ ಹೇಳಿದ್ಲು ಹುಡುಗಿ?" ಡಾರ್ಕಸ್ ಪಿಸುಗುಟ್ಟಿದಳು. ಕಿವುಡರ ಪಿಸುಮಾತು ಅಂಗಳಕ್ಕೆಲ್ಲ ಕೇಳಿಸಿತು.

ಮರ್ಸಿ ಅವಳ ಕಿವಿಗೆ ಬಾಯಿಟ್ಟಳು. "ಏನೂ ಹೇಳ್ಲಿಲ್ಲ ಕಣೇ. ಸುಮ್ನೆ ನಿಂತಿದ್ಲು ಅಷ್ಟೆ. ಆದ್ರೆ ಅಂಥಾ ಮೌನ ನಾನು ಈ ಜನ್ಮದಲ್ಲಿ ಕಂಡಿಲ್ಲ."

ಡಾರ್ಕಸ್ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆಲ್ತಿಯಾ ಬಂದು ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದುಕೊಂಡಳು.

"ಎದ್ದೆ, ಮಾತು ಬರ್ಲಿಲ್ಲ. ಬರತ್ತೇನೊ ಅಂತ ಕಾದೆ," ಎಂದಳು ಹತ್ತಿರ ಬಾಗಿ. "ನೀನೂ ಕಾದೆ."

"ಇನ್ನೊಂದ್ಸಲ ಏಳ್ತೀಯಾ?"

"ಏಳು ಅಂದ್ರೆ ಏಳ್ತೀನಿ."

ಯಾರು ಅಂದರೆ ಎಂದು ಡಾರ್ಕಸ್ ಕೇಳಲಿಲ್ಲ. ಆ ಎಳೆಯ ಕೈಯನ್ನು ಎತ್ತಿ ತನ್ನ ಹಣೆಗೆ ಒತ್ತಿಕೊಂಡಳು.

ಕೋಳಿ ಆರಿಹೋಗಿತ್ತು. ವಿಲ್ಮರ್ ಒಂದು ಮಾತೂ ಆಡದೆ ತಿಂದ.