ಮೋಟಾರಿಗೆ ಹಾಕಿದ ಫೋಟೋ ಗಾಜು

ಬಸಪ್ಪಾ, ನಿನ್ನ ಅಕ್ಕನ ಎಡಗಣ್ಣು ಕಳೆದವನು ನೀನಲ್ಲ, ನಾನು. ಈ ಮಾತನ್ನು ಅಂದೇ, ಲಕ್ಷ್ಮೇಶ್ವರದ ಬಜಾರಿನಲ್ಲೇ, ಎಲ್ಲರೆದುರು ಹೇಳಬೇಕಾಗಿತ್ತು. ಹೇಳಲಿಲ್ಲ. ನಿನ್ನ ಅಕ್ಕನನ್ನೇ ಮದುವೆಯಾದೆ, ಮಕ್ಕಳಾದವು, ತಲೆ ಬೆಳ್ಳಗಾಯಿತು — ಆಗಲೂ ಹೇಳಲಿಲ್ಲ.

ಮೊನ್ನೆ ಮುಂಡರಗಿಯಲ್ಲಿ, ನಿನ್ನ ಮಗಳ ಮದುವೆಯಲ್ಲಿ ಕಂಡದ್ದರಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಅಕ್ಕಿಕಾಳು ಬೀಳುವ ಹೊತ್ತು. ಇಡೀ ಚಪ್ಪರ ಕೈ ಎತ್ತಿತ್ತು. ಹೆತ್ತ ತಂದೆ ನೀನು ಮಾತ್ರ ಮುಷ್ಟಿ ಬಿಗಿಹಿಡಿದು ನಿಂತಿದ್ದೆ. ಆಮೇಲೆ ಮೆಲ್ಲಗೆ ಹೋಗಿ ಆ ಕಾಳನ್ನು ಮಗಳ ತಲೆಯ ಮೇಲೆ ಇಟ್ಟು ಬಂದೆ — ಹಾಕಲಿಲ್ಲ, ಇಟ್ಟೆ. ಯಾಕೋ ಹಿಂಗ ಎಂದು ನಾನೇ ಕೇಳಿದೆ.

"ಕೈ ಮ್ಯಾಲ ಏಳೂದಿಲ್ರಿ ಮಾವ. ಅಕ್ಕನ ಕಣ್ಣು ಹೋದಾಗಿಂದ ಯಾರ ಮ್ಯಾಲೂ ಏನೂ ಒಗದಿಲ್ಲ ನಾ. ನೀವರ ಆಕಿ ಕೈ ಹಿಡದ್ರಿ ಅಂತ ಜೀವಾ ಹಿಡಕೊಂಡೇನಿ."

ಹೀಗೆಂದು ನೀನು ನನ್ನ ಕಾಲಿಗೆ ಬಗ್ಗಿದೆ. ನಾನು — ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಇಷ್ಟು ವರ್ಷ ನಿನ್ನ ಕೈ ಮೇಲೇಳದೆ ಉಳಿದಿತ್ತೇ? ನೀನು ಮರೆತಿದ್ದೀ ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಕೇಳು.

ಕರ್ನಾಟಕ ಒಂದಾದ ವರ್ಷ. ನಾನು ಗದಗಿನ ಹತ್ತಿ ಸಾಹುಕಾರರ ಮೋಟಾರು ಓಡಿಸುತ್ತಿದ್ದೆ. ಲಕ್ಷ್ಮೇಶ್ವರದಲ್ಲಿ ತಾಯಿ ಭುವನೇಶ್ವರಿಯ ಚಿತ್ರವನ್ನು ಆ ಮೋಟಾರಿನಲ್ಲೇ ಮೆರವಣಿಗೆ ಮಾಡುವುದೆಂದು ಗೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ, ಶಿರಹಟ್ಟಿ ದಾರಿಯಲ್ಲಿ ಎದುರು ಬಂದ ಲಾರಿಯ ಗಾಲಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರಿಯಿತು. ಒಡೆದ ಗಾಜಿನ ಹಿಂದೆ ದೇವರನ್ನು ಕೂರಿಸುವುದು ಅಪಶಕುನ. ಸಾಹುಕಾರರು, "ಹುಬ್ಬಳ್ಳಿಗೆ ಒಯ್ದು ಅಂಗಡ್ಯಾಗ ಹಾಕಿಸ್ಕೊಂಡ ಬಾ. ನೀ ಕೈ ಹಚ್ಚಬ್ಯಾಡ" ಎಂದರು. ಅಂಗಡಿಯವರೋ, ಗಾಜು ಮುಂಬಯಿಯಿಂದ ಬರಬೇಕು, ಗಾಡಿ ಇಲ್ಲೇ ಬಿಟ್ಟು ಹೋಗು ಎಂದರು. ಬಿಟ್ಟರೆ ಮೆರವಣಿಗೆ ತಪ್ಪುತ್ತದೆ. ತಾಯಿಯನ್ನು ಬೇರೆ ಯಾವನೋ ಡ್ರೈವರ್ ಕರೆದುಕೊಂಡು ಹೋಗುವುದು, ನಾನು ಗುಂಪಿನಲ್ಲಿ ನಿಂತು ಚಪ್ಪಾಳೆ ತಟ್ಟುವುದು — ಅದು ನನ್ನಿಂದಾಗದು ಎನಿಸಿತು. ಎಂಜಿನ್ನನ್ನೇ ಬಿಚ್ಚಿ ಜೋಡಿಸಿದವನಿಗೆ ಒಂದು ಗಾಜು ಯಾವ ಲೆಕ್ಕ ಎಂಬ ಸೊಕ್ಕು ಬೇರೆ.

ಬೆಟಗೇರಿಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವವನ ಬಳಿ ಹೋಗಿ ಅಳತೆ ಕೊಟ್ಟೆ. "ಯಾವ ದೇವರ ಫೋಟೋಕ್ರಿ? ಭಾಳ ದೊಡ್ಡದೈತಲ್ಲ" ಎಂದ. "ತಾಯಿ ಭುವನೇಶ್ವರೀದು" ಎಂದೆ. ಪಾಪ, ಅವನು ಆ ಗಾಜನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತ.

ಹಳೆಯ ಗಾಜನ್ನು ಚೌಕಟ್ಟಿನಿಂದ ಬಿಡಿಸುವಾಗ ಸುತ್ತಿಗೆ ತಗುಲಿ ಅದು ಇನ್ನಷ್ಟು ಒಡೆಯಿತು. ಒಂದು ಚೂರೂ ಉದುರಲಿಲ್ಲ, ಬಸಪ್ಪಾ! ಎರಡು ಗಾಜಿನ ನಡುವೆ ಅಂಟಿನ ಪದರವಿತ್ತು. ಚೂರುಗಳೆಲ್ಲ ಅದನ್ನೇ ಕಚ್ಚಿಕೊಂಡಿದ್ದವು. ಕೈಯಲ್ಲಿ ಹಿಡಿದು ನೋಡಿದೆ. ಮೋಟಾರಿನ ಗಾಜು ಯಾಕೆ ಬೇರೆ ಎಂಬುದು ನನಗೆ ಆಗಲೇ ತಿಳಿಯಿತು — ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ. ಹೊಸದು ತೆಳ್ಳಗಿತ್ತು, ಚೌಕಟ್ಟಿನಲ್ಲಿ ಅಲುಗಾಡಿತು. ಅಂಚಿಗೆ ಬಟ್ಟೆ ತುರುಕಿ ತಿರುಪು ಬಿಗಿದೆ. ಮೆರವಣಿಗೆಯ ಬೆಳಿಗ್ಗೆ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅದರ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟೆ. ಎಷ್ಟು ಚೆಂದ ಕಾಣುತ್ತದೆ ಎಂದು ಜನ ಹೊಗಳಿದರು.

ಚಿತ್ರವನ್ನು ತೊಡೆಯ ಮೇಲೆ ಹಿಡಿದು ನಿನ್ನ ಅಕ್ಕ ಗಂಗವ್ವ ನನ್ನ ಪಕ್ಕದಲ್ಲಿ ಕುಳಿತಳು. ದೇವರು ಎದುರು ಬಂದರೆ ಉತ್ತತ್ತಿ ಎಸೆಯುವುದು ನಮ್ಮ ಕಡೆಯ ರೂಢಿ. ಅಂದು ತಾಯಿ ಮೋಟಾರಿನಲ್ಲಿ ಬಂದಳು. ಜನ ಮೋಟಾರಿಗೇ ಎಸೆದರು. ಕೆಲವು ಬಾನೆಟ್ಟಿಗೆ ಬಿದ್ದವು, ಕೆಲವು ಟಾಪಿಗೆ. ಬಜಾರಿನ ತಿರುವಿನಲ್ಲಿ ನೀನು ನಿಂತಿದ್ದೆ. ಅಕ್ಕನನ್ನು ಕಂಡು ನಕ್ಕೆ. ಕೈ ಎತ್ತಿದೆ —

ಅಷ್ಟು ಸಣ್ಣ ಉತ್ತತ್ತಿಗೆ ಅಷ್ಟು ದೊಡ್ಡ ಸದ್ದು! ಗಾಜಿಗೆ ಗಾಜೇ ಅವಳ ಮುಖದ ಮೇಲೆ ಬಂತು. ಬ್ರೇಕು ಹಾಕಿ ಅವಳ ಕಡೆ ತಿರುಗಿದೆ. ಕೆನ್ನೆಯ ಮೇಲೆ ರಕ್ತ ಇಳಿಯುತ್ತಿತ್ತು. ಚಿತ್ರವನ್ನು ಮಾತ್ರ ಎರಡೂ ಕೈಯಲ್ಲಿ ಹಾಗೇ ಹಿಡಿದಿದ್ದಳು.

"ಏನಾತು? ಹ್ಯಾಂಗ ಒಡೀತು?" ಎಂದು ಜನ ಮುತ್ತಿದರು. ನಾನು ಹೇಳಿದ್ದು ಇಷ್ಟೇ: "ಉತ್ತತ್ತಿ ಬಡದು ಒಡೀತು."

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ — ಅದಕ್ಕೇ ಯಾರೂ ಮತ್ತೆ ಕೇಳಲಿಲ್ಲ. ಉಳಿದ ಉತ್ತತ್ತಿ ನಿನ್ನ ಟವೆಲ್ಲಿನ ಗಂಟಿನಲ್ಲಿತ್ತು. ಎಲ್ಲರೂ ನಿನ್ನ ಕಡೆ ತಿರುಗಿದರು. ನಾನೂ ತಿರುಗಿದೆ! ಏನೂ ಅರಿಯದವನಂತೆ, ಅವರೊಡನೆ ಸೇರಿ, ನಿನ್ನನ್ನೇ ನೋಡಿದೆ. ಹೇಗೆ ನೋಡಿದೆನೋ... ಇವತ್ತಿಗೂ ನಂಬಲಾಗುವುದಿಲ್ಲ.

ದವಾಖಾನೆಯಿಂದ ಬಂದವನೇ ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಕಿತ್ತು ಹಾಳುಬಾವಿಗೆ ಸುರಿದೆ. ಆಮೇಲೆ ಹುಬ್ಬಳ್ಳಿಯ ಅಂಗಡಿಯವರೇ ಗಾಜು ಹಾಕಿದರು. ಸಾಹುಕಾರರು ಆ ಗಾಡಿ ಮಾರುವವರೆಗೂ ಅದಕ್ಕೇನೂ ಆಗಲಿಲ್ಲ.

ಮರುವರ್ಷ ಗಂಗವ್ವನನ್ನು ಕೇಳಿ ಮದುವೆಯಾದೆ. ಕಣ್ಣು ಹೋದವಳ ಕೈ ಹಿಡಿದ ದೊಡ್ಡ ಮನಸ್ಸಿನವ ಎಂದು ಎಲ್ಲರೂ ಕೊಂಡಾಡಿದರು. ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಉಂಡೆ. ಪ್ರೀತಿಯಿಂದ ಮಾಡಿಕೊಂಡೆನೋ, ಹೆದರಿ ಮಾಡಿಕೊಂಡೆನೋ — ಈಗ ಬೇರೆ ಬೇರೆ ಮಾಡಿ ಹೇಳಲಾರೆ. ಪ್ರೀತಿ ಇದೆ, ಅದು ಖರೆ. ಆದರೆ ಅದರ ಬುಡದಲ್ಲಿ...

ನೀನು ನಮ್ಮ ಮನೆಗೆ ಬಂದಾಗಲೆಲ್ಲ ಅಕ್ಕನ ಬಲಗಡೆಗೇ ಕೂಡುತ್ತೀ. ಅದು ನಿನ್ನ ಅಭ್ಯಾಸ ಎಂದು ತಿಳಿದಿದ್ದೆ. ಮೊನ್ನೆ ನಿನ್ನ ಮುಷ್ಟಿ ಕಂಡ ಮೇಲೆ ಅರ್ಥವಾಯಿತು. ಆ ಎಡಗಡೆಯ ಮುಖವನ್ನು ನೋಡಲಾರದೆ ಹಾಗೆ ಕೂಡುತ್ತಿದ್ದೀ.

ಗಂಗವ್ವನಿಗೂ ಇದು ಗೊತ್ತಿಲ್ಲ. ಇವತ್ತೇ ಅವಳೆದುರು ಕುಳಿತು ಬಾಯಿಬಿಟ್ಟು ಹೇಳುತ್ತೇನೆ. ನನ್ನನ್ನು ಒಳಗಿಟ್ಟುಕೊಳ್ಳುತ್ತಾಳೋ ಹೊರಗೆ ಹಾಕುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಆಮೇಲೆ ಮುಂಡರಗಿಗೆ ಬಂದು ಇದನ್ನೇ ನಿನ್ನೆದುರೂ ನಿಂತು ಹೇಳುತ್ತೇನೆ. ನೀನು ಕ್ಷಮಿಸಬೇಕೆಂದಲ್ಲ. ಇಷ್ಟು ನಿನಗೆ ತಲುಪಬೇಕು: ಅಂಗಡಿಯವರ ಗಾಜು ಇದ್ದಿದ್ದರೆ ನಿನ್ನ ಉತ್ತತ್ತಿ ಅದಕ್ಕೆ ಬಡಿದು, ಪುಟಿದು, ರಸ್ತೆಗೆ ಬೀಳುತ್ತಿತ್ತು, ಯಾವುದೋ ಕೂಸು ಅದನ್ನು ಆರಿಸಿಕೊಂಡು ತಿನ್ನುತ್ತಿತ್ತು. ಅಷ್ಟೇ ಆಗುತ್ತಿತ್ತು, ಬಸಪ್ಪಾ.