ಹುಟ್ಟುವ ಮೊದಲೇ ಬಂದ ಸುದ್ದಿ

ಕಿವಿಗೆ ಕೇಳದ ಶಬ್ದ ಹೇಗೆ ಪ್ರತಿಧ್ವನಿಸುತ್ತದೆ ಎಂಬುದನ್ನು ಪಿಯುಸಿ ಮಕ್ಕಳಿಗೆ ಬಾವಲಿಯ ಉದಾಹರಣೆ ಕೊಟ್ಟು ವರ್ಷಗಟ್ಟಲೆ ವಿವರಿಸಿದವನು ನಾನು. ಅದೇ ಶಬ್ದ ನನ್ನ ಹೆಂಡತಿಯ ಹೊಟ್ಟೆಯೊಳಗೆ ಹೋಗಿ ಸುದ್ದಿ ತಂದಾಗ ಮಾತ್ರ, ಅದನ್ನು ಕಂಡುಹಿಡಿದವರ ಮೇಲೆಯೇ ನನಗೆ ಸಿಟ್ಟು ಬಂತು.

ಎರಡು ಸಾವಿರದ ಐದನೇ ಇಸವಿ. ಮದುವೆಯಾದ ಒಂಬತ್ತು ವರ್ಷಕ್ಕೆ ಶುಭಾ ಬಸಿರಾಗಿದ್ದಳು, ಐದನೇ ತಿಂಗಳು. ಜಯನಗರದಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ ಮುಂದೆ ನಾನು ಸುಮ್ಮನಿರಲಾರದೆ ಬಾವಲಿಯ ವಿಷಯ ತೆಗೆದೆ. "ಸ್ವಲ್ಪ ಸುಮ್ನಿರ್ತೀರಾ ಸಾರ್?" ಎಂದರು ಆಕೆ. ಬಹಳ ಹೊತ್ತು ಒಂದೇ ಕಡೆ ಒತ್ತಿ ನೋಡಿ, ಆಮೇಲೆ ಹಾಳೆಯ ಮೇಲೆ ಹೃದಯದ ಚಿತ್ರ ಬರೆದರು. ಮಗುವಿನ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಹೊಟ್ಟೆಯಲ್ಲಿರುವಷ್ಟು ದಿನ ತೊಂದರೆಯಿಲ್ಲ. ಹುಟ್ಟಿ ತಾನೇ ಉಸಿರಾಡತೊಡಗಿದ ಮೇಲೆ ಕಷ್ಟ. ಕೆಲವೇ ದಿನಗಳಲ್ಲಿ ಆಪರೇಷನ್ ಆಗಲೇಬೇಕು.

"ಉಳಿಯುತ್ತಾ?" ಎಂದೆ.

"ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಹಾರ್ಟ್ ಆಪರೇಷನ್ ಮಾಡೋ ಆಸ್ಪತ್ರೇಲೇ ಹೆರಿಗೆ ಆಗ್ಲಿ."

ಪರೀಕ್ಷೆಯಲ್ಲಿ ಹೀಗೆ ಉತ್ತರಿಸುವವರಿಗೆ ನಾನು ಸೊನ್ನೆ ಕೊಡುತ್ತೇನೆ.

ಆಮೇಲೆ ಶುರುವಾಯಿತು ನೋಡಿ, ಉಪದೇಶಗಳ ಕಾಟ. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಹೃದಯತಜ್ಞರಲ್ಲದವರೇ ಇರಲಿಲ್ಲ. ಸಹೋದ್ಯೋಗಿಯೊಬ್ಬರು ತಮ್ಮ ನಾದಿನಿಗೂ ಇದೇ ಆಗಿತ್ತು, ತಾನಾಗಿಯೇ ಹೋಯಿತು ಎಂದು ಧೈರ್ಯ ಹೇಳಿದರು. ಕೆದಕಿ ಕೇಳಿದರೆ ಆಕೆಗೆ ಆಗಿದ್ದದ್ದು ಮೂತ್ರಪಿಂಡದ ಕಲ್ಲು. ಗಿರಿನಗರದಿಂದ ಬಂದ ನಮ್ಮ ಅತ್ತೆಯವರದು ಒಂದೇ ಮಾತು: "ಸ್ಕ್ಯಾನ್ ಮಾಡ್ಸಿದ್ದೇ ತಪ್ಪು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

ಬಾಯಿಬಿಟ್ಟು ಹೇಳದಿದ್ದರೂ ನಾನು ಅತ್ತೆಯ ಪಕ್ಷವೇ. ನಮ್ಮ ಅಜ್ಜಿ ಹನ್ನೊಂದು ಹೆತ್ತವರು. ಬಸಿರಿಯ ಮುಖದ ಕಳೆ, ಬಯಕೆ ನೋಡಿ ಏನೋ ಊಹಿಸುತ್ತಿದ್ದರೇ ಹೊರತು ಒಳಗೆ ಇಣುಕುತ್ತಿರಲಿಲ್ಲ. ಗರ್ಭಗುಡಿ ಎಂದು ಹೆಸರಿಟ್ಟವರಿಗೆ ಆ ಬಾಗಿಲ ಮರ್ಯಾದೆ ಗೊತ್ತಿತ್ತು. ಒಂದು ಸಂಜೆ ಸೊಪ್ಪು ಬಿಡಿಸುತ್ತಿದ್ದ ಶುಭಾಳೆದುರು ಇದನ್ನೆಲ್ಲ ಹೇಳಿ, "ಗೊತ್ತಾಗ್ದೇ ಇದ್ದಿದ್ರೆ ನಾಲ್ಕು ತಿಂಗಳು ನೆಮ್ಮದಿಯಾಗಿರ್ತಿದ್ವಿ" ಎಂದೆ.

"ನಿಮ್ಮಜ್ಜಿಗೆ ಎಷ್ಟು ಮಕ್ಕಳು ಅಂದ್ರಿ?"

"ಹನ್ನೊಂದು."

"ಉಳಿದಿದ್ದು?"

"ಏಳು."

ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಆ ನಾಲ್ವರಿಗೆ ಏನಾಗಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಆಯಸ್ಸು ಇರಲಿಲ್ಲ' ಎನ್ನುತ್ತಿದ್ದರು, ಅಷ್ಟೆ.

ಡಾಕ್ಟರು ಹೇಳಿದ ಕಡೆಯೇ ಹೆರಿಗೆಯಾಯಿತು. ಕಾದು ನಿಂತಿದ್ದವರು ಮಗುವನ್ನು ನೇರವಾಗಿ ಒಳಗೆ ಒಯ್ದರು. ತುಟಿ ನೀಲಿ, ಔಷಧಿ ಶುರುವಾಗಿದೆ, ನಾಡಿ ಪರವಾಗಿಲ್ಲ ಎಂದು ಅತ್ತೆಗೆ ಫೋನಿನಲ್ಲಿ ವರದಿ ಒಪ್ಪಿಸಿದೆ.

"ಅದ್ಸರಿ, ಮಗು ಯಾವ್ದು?" ಎಂದರು.

ಕೇಳುವುದನ್ನೇ ಮರೆತಿದ್ದೆ. ಓಡಿಹೋಗಿ ನರ್ಸನ್ನು ಕೇಳಿದೆ. "ಹೆಣ್ಣು ಸಾರ್. ಈಗ ನೆನಪಾಯ್ತಾ?" ಎಂದರು.

ಎಂಟನೇ ದಿನ ಆಪರೇಷನ್. ಬೆಳಗ್ಗೆ ಒಳಗೆ ಹೋದ ಮಗಳು ಮಧ್ಯಾಹ್ನ ದಾಟಿದರೂ ಹೊರಬರಲಿಲ್ಲ. ಕೊನೆಗೆ ಸರ್ಜನ್ ಬಂದು "ಚೆನ್ನಾಗಾಯ್ತು" ಎಂದಾಗ, ನೆಟ್ಟಗೆ ಕೂತಿದ್ದ ಶುಭಾ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು.

ಮಗು ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಮ್ಮ ಅತ್ತೆ ಹೇಳುತ್ತಿದ್ದರು: "ಐದನೇ ತಿಂಗಳಲ್ಲೇ ನಾವು ಕಂಡುಹಿಡಿದುಬಿಟ್ವಿ. ಈ ಕಾಲದಲ್ಲಿ ಸ್ಕ್ಯಾನ್ ಮಾಡ್ಸದೇ ಇರೋರಿಗೆ ಏನು ಹೇಳ್ಬೇಕು?"

ಮೈಯೆಲ್ಲ ಉರಿಯುತ್ತಿತ್ತು. ಆದರೂ ತಿದ್ದಲು ಹೋಗಲಿಲ್ಲ. ಅಷ್ಟು ಹೊತ್ತಿಗೆ ಕಾಲೇಜಿನಲ್ಲಿ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.