ಕಲ್ಲೇಶಪ್ಪನ ಕಾಡಮನುಷ್ಯ

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮಲ್ಲಿಕಸಾಬರ ಹಳೇ ಪುಸ್ತಕದ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕಾಡಮನುಷ್ಯನ ಅಂಗಡಿ ಎಂದರೆ ಕೂಡಲೇ ಕೈಮಾಡಿ ತೋರಿಸುತ್ತಾರೆ. ಬಾಗಿಲ ಮೇಲೆ ಆಳೆತ್ತರದ ತಗಡಿನ ಬೋರ್ಡು. ಅದರೊಳಗೊಬ್ಬ ದೈತ್ಯ. ಎದೆಗೆ ಬಟ್ಟೆಯಿಲ್ಲ, ಸೊಂಟಕ್ಕೊಂದು ತೊಗಲು, ಹೆಗಲ ತುಂಬ ಕೂದಲು, ಎಡಗೈಯಲ್ಲಿ ಕತ್ತಿ. ಸುತ್ತಲೂ ಮೊಣಕಾಲೆತ್ತರ ಪುಸ್ತಕದ ರಾಶಿ. ಒಂದು ಕಾಲನ್ನು ಮೇಲೆತ್ತಿ, ಬಲಗೈ ಬೆರಳನ್ನು ಕಣ್ಣಿಗೆ ಹಚ್ಚಿಕೊಂಡು ನಿಂತಿದ್ದಾನೆ. ಮೂವತ್ತು ವರ್ಷದಿಂದ ಒಂಟಿಗಾಲಲ್ಲೇ ನಿಂತಿದ್ದಾನೆ, ಪಾಪ.

ಅವನನ್ನು ಬರೆದವನು ಬೋರ್ಡಿನ ಕಲ್ಲೇಶಪ್ಪ. ನಮ್ಮ ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಎರಡಕ್ಕೂ ಒಂದೇ ಮಾತು. ಆ ಒಂದು ಮಾತಿನ ಮರೆಯಲ್ಲಿ ಕಲ್ಲೇಶಪ್ಪ ಜೀವಮಾನವೆಲ್ಲ ಅಡಗಿ ಕುಳಿತಿದ್ದ.

ಅವನ ಊರು ಮುಗದ. ಅಲ್ಲಿಯ ಸಾಲೆಯಲ್ಲಿ ಮಾಸ್ತರರು ಹಲಗೆಯ ಮೇಲೆ ಬರೆದದ್ದನ್ನು ಹುಡುಗ ಪಾಟಿಯ ಮೇಲೆ ಇದ್ದದ್ದು ಇದ್ದ ಹಾಗೆ ಇಳಿಸುತ್ತಿದ್ದ. ಮಾಸ್ತರರು ಆ ಪಾಟಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ಶಾಭಾಸ್ ಅನ್ನುತ್ತಿದ್ದರೇ ಹೊರತು ಒಂದು ದಿನವೂ ಇದನ್ನು ಓದು ಅನ್ನಲಿಲ್ಲ. ಇಷ್ಟು ಚೆಂದ ಬರೆಯುವವನಿಗೆ ಓದಲು ಬಾರದೆ ಇದ್ದೀತೇ? ಹೀಗೆ ಹೊಗಳಿಕೆಯಲ್ಲೇ ಎರಡನೇ ಇಯತ್ತೆ ಮುಗಿಯಿತು, ಆಮೇಲೆ ಮನೆಯವರು ಅವನನ್ನು ಎಮ್ಮೆಗಳ ಹಿಂದೆ ಕಳಿಸಿದರು. ಹದಿನೆಂಟಕ್ಕೆ ಹುಬ್ಬಳ್ಳಿಗೆ ಬಂದು ಒಬ್ಬ ಪೇಂಟರನ ಕೈಕೆಳಗೆ ಬ್ರಷ್ಷು ತೊಳೆಯುತ್ತ ಕೆಲಸ ಕಲಿತ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿಕೊಂಡು ತಗಡಿಗೆ ಇಳಿಸುವುದು. ಅವನ ಪಾಲಿಗೆ 'ಠ' ಎಂದರೆ ಒಂದು ದುಂಡು, ಒಳಗೊಂದು ಚುಕ್ಕಿ. ಅದು ಏನನ್ನುತ್ತದೆ ಎಂಬ ಉಸಾಬರಿ ಅವನಿಗೆ ಬೇಕಿರಲಿಲ್ಲ.

ಆದರೆ ಸುಳ್ಳಿಗೆ ಕಾಲಿಲ್ಲ ನೋಡಿ. ಮದುವೆಯಾದ ಹೊಸತರಲ್ಲಿ ಕೇಶ್ವಾಪುರದ ಶಾಂತಯ್ಯನವರು ತಮ್ಮ ಅಂಗಡಿಗೊಂದು ಬೋರ್ಡು ಬರೆಸಿದರು. ಚೀಟಿಯ ಮೊದಲ ಸಾಲಿನಲ್ಲಿ 'ಶಾಂತಯ್ಯ ಕಿರಾಣಿ ಅಂಗಡಿ' ಎಂದಿತ್ತು. ಕೆಳಗೆ, ಪೇಂಟರನಿಗೆ ತಿಳಿಯಲೆಂದು, 'ಕೆಂಪು ಬಣ್ಣ' ಎಂದಿತ್ತು. ಕಲ್ಲೇಶಪ್ಪ ಎರಡೂ ಸಾಲನ್ನು ಮುತ್ತಿನಂಥ ಅಕ್ಷರದಲ್ಲಿ ನೀಲಿಯಲ್ಲಿ ಬರೆದು, ತಾನೇ ಮೊಳೆ ಹೊಡೆದು ಬಂದ. ಎರಡು ದಿನ ಜನ ಶಾಂತಯ್ಯನವರ ಹತ್ತಿರ ಬಂದು ಬೇಳೆ ಬಿಟ್ಟು ಕೆಂಪು ಬಣ್ಣ ಕೇಳಿದರು. ಕಲ್ಲೇಶಪ್ಪ ದೊಡ್ಡ ಚೇಷ್ಟೆಯವ ಎಂದು ಅವರೂ ನಕ್ಕರು, ಅವನೂ ಬಾಯ್ತುಂಬ ನಕ್ಕ. ನಕ್ಕೋತಲೇ ಆ ಎರಡು ಮಾತನ್ನು ಒಂದೊಂದೇ ಅಕ್ಷರವಾಗಿ ಕೆರೆದು ತೆಗೆದು, ಮನೆಗೆ ಬಂದು ಊಟ ಒಲ್ಲೆನೆಂದು ಮಲಗಿದ. ಹೆಂಡತಿ ಸತ್ಯವ್ವನಿಗೆ ಅವತ್ತೇ ತಿಳಿದದ್ದು.

ಸತ್ಯವ್ವ ನಾಲ್ಕನೇ ಇಯತ್ತೆ ಕಲಿತವಳು. ಅವಳು ಅಯ್ಯೋ ಅನ್ನಲೂ ಇಲ್ಲ, ಆಡಿಕೊಳ್ಳಲೂ ಇಲ್ಲ. ಮರುದಿನದಿಂದ ಪ್ರತಿ ಚೀಟಿಯೂ ಮೊದಲು ಅವಳ ಒಲೆಯ ಮುಂದೆ ಬರತೊಡಗಿತು. ಅವಳು ಓದಿ ಹೇಳುವಳು, ಬೋರ್ಡಿಗೆ ಹೋಗಬಾರದ ಮಾತಿನ ಕೆಳಗೆ ಇದ್ದಿಲಿನಿಂದ ಗೆರೆ ಎಳೆಯುವಳು. ಗೆರೆ ಇದ್ದದ್ದನ್ನು ಬಿಡುವುದು, ಇಲ್ಲದ್ದನ್ನು ಬರೆಯುವುದು. ಮೂವತ್ತೈದು ವರ್ಷ ಹುಬ್ಬಳ್ಳಿಯ ಅರ್ಧ ಪೇಟೆಯ ಬೋರ್ಡು ಹೀಗೆ ತಪ್ಪಿಲ್ಲದೆ ಎದ್ದು ನಿಂತವು.

ಕಾಡಮನುಷ್ಯ ಬಂದದ್ದು ಅವಳು ಬಾಣಂತನಕ್ಕೆ ತವರಿಗೆ ಹೋದ ತಿಂಗಳಲ್ಲಿ. ಮಲ್ಲಿಕಸಾಬರು ಒಂದು ಇಂಗ್ಲಿಷ್ ಪುಸ್ತಕ ತಂದು ಮುಖಪುಟ ತೋರಿಸಿದರು. ಕತ್ತಿ ಹಿಡಿದ ಗಂಡಸು, ಸತ್ತ ಮೃಗಗಳ ರಾಶಿಯ ಮೇಲೆ ಕಾಲೂರಿ ನಿಂತವನು. ಮೃಗ ತೆಗೆದು ಪುಸ್ತಕ ಹಾಕು, ದಾರಿಯಲ್ಲಿ ಹೋಗುವವರು ಹೌಹಾರಿ ನಿಲ್ಲಬೇಕು ಎಂದರು. ಕಲ್ಲೇಶಪ್ಪ ಬರೆದ. ಆದರೆ ಕಾಲಿನ ಹತ್ತಿರ ಬಂದಾಗ ಕೈ ಓಡಲಿಲ್ಲ. ಎರಡು ದಿನ ಕೂತು ಯೋಚಿಸಿ, ಊರಿದ ಕಾಲನ್ನು ಎತ್ತಿಸಿದ. ಆಮೇಲೆ ಬಲಗೈ ಎಲ್ಲಿಗೆ ಹೋಗಬೇಕೋ ತಾನಾಗಿ ಅಲ್ಲಿಗೇ ಹೋಯಿತು. ಪುಸ್ತಕದ ಬೆನ್ನುಗಳ ಮೇಲೆ ನಿನಗೆ ತಿಳಿದ ನಾಲ್ಕು ಹೆಸರು ಬರೆ ಎಂದು ಮಲ್ಲಿಕಸಾಬರು ಅಂದಾಗ ಮಾತ್ರ ಬೆವರಿದ. ಚೀಟಿಯೂ ಇಲ್ಲ, ಬರೆದುಕೊಡುವವಳೂ ತವರಿನಲ್ಲಿ. ಹೆಸರು ಬಂದರೆ ಚಿತ್ರ ಕೆಡುತ್ತದೆ ಎಂದು ಏನೋ ಒಂದು ಹೇಳಿ ಜಾರಿಕೊಂಡ.

ಈಗ ಎಲ್ಲ ಕಡೆ ಫ್ಲೆಕ್ಸು. ಕಲ್ಲೇಶಪ್ಪ ಗೇಟುಗಳಿಗೆ ಬಣ್ಣ ಹೊಡೆದುಕೊಂಡು, ತನ್ನ ಗುಟ್ಟು ತನ್ನ ಜೊತೆಗೇ ಹೋಗುತ್ತದೆ ಎಂದು ನೆಮ್ಮದಿಯಾಗಿದ್ದ. ಆಗ ಬಂದಳು ಐಶ್ವರ್ಯಾ. ಧಾರವಾಡದಲ್ಲಿ ಸಂಶೋಧನೆ ಮಾಡುವ ಹುಡುಗಿ, ಕಾಡಮನುಷ್ಯನ ಫೋಟೋ ತೆಗೆದುಕೊಂಡು, ವಿಳಾಸ ಹುಡುಕಿಕೊಂಡು ಮನೆಗೇ ಬಂದಳು. ಚಿತ್ರದ ಮೇಲೆ ಪ್ರಬಂಧ ಬರೆದಿದ್ದಾಳಂತೆ, ವಿಚಾರ ಸಂಕಿರಣವಂತೆ, ಕಾಕಾ ಕಾಕು ಇಬ್ಬರೂ ಬರಲೇಬೇಕಂತೆ. ಓದಿದವರ ನಡುವೆ ತನಗೇನು ಕೆಲಸ ಎಂದು ಅವನು ಹಿಂದೆ ಸರಿದ. ಹೊರಟೇ ಬಿಟ್ಟವಳು ಸತ್ಯವ್ವ. ಅವಳು ಇಲಕಲ್ಲ ಸೀರೆ ಉಟ್ಟಳು, ಅವನಿಗೆ ಇಸ್ತ್ರಿ ಅಂಗಿ ತೊಡಿಸಿದಳು.

ಸಭಾಂಗಣದ ಬಾಗಿಲಲ್ಲೇ ಒಂದು ರಜಿಸ್ಟರು ಇಟ್ಟಿದ್ದರು. ಸತ್ಯವ್ವ ಉಗುರಿನಿಂದ ಜಾಗ ತೋರಿಸಿದಳು, ಅವನು ಸಹಿ ಮಾಡಿದ. ಅಲ್ಲಿದ್ದ ಅಷ್ಟೂ ಪ್ರೊಫೆಸರರ ಸಹಿಯ ನಡುವೆ ಅವನದೇ ಎದ್ದು ಕಾಣುತ್ತಿತ್ತು ಎನ್ನಿ.

ಐಶ್ವರ್ಯಾ ಪರದೆಯ ಮೇಲೆ ಚಿತ್ರ ಮೂಡಿಸಿ ಮಾತು ಶುರು ಮಾಡಿದಳು. ಅಧಿಕಾರ, ಅನ್ಯ, ನೋಟ, ಸಂಕಥನ. ಕಲ್ಲೇಶಪ್ಪನಿಗೆ ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಆದರೆ ನಡುನಡುವೆ ಒಂದೊಂದು ಮಾತು ನೆಟ್ಟಗೆ ಬಂದು ಎದೆಯಲ್ಲಿ ಕೂತಿತು. ಅನಾಗರಿಕ ಎಂಬವನು ಹುಟ್ಟುವುದಿಲ್ಲ, ಅವನನ್ನು ಹಾಗೆ ಕರೆಯುವವರು ಮೊದಲು ಹುಟ್ಟುತ್ತಾರೆ ಎಂದಳು. ಜಾಣರು ತಾವು ಜಾಣರೆಂದು ನಂಬಬೇಕಾದರೆ ಎದುರಿಗೊಬ್ಬ ದಡ್ಡನನ್ನು ನಿಲ್ಲಿಸಿಕೊಳ್ಳಬೇಕಾಗುತ್ತದೆ ಎಂದಳು. ಯಾವ ಚಿತ್ರವಾದರೂ ಅದರಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಯಾರಿಲ್ಲ ಎಂದು ಮೊದಲು ನೋಡಬೇಕು ಎಂದಳು. ಕಾಡಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಿದ್ದಾನೆ, ಪುಸ್ತಕಗಳ ಲೋಕವನ್ನು ನೋಡಲೊಲ್ಲೆ ಎನ್ನುತ್ತಿದ್ದಾನೆ, ಇದು ಅವನ ಪ್ರತಿಭಟನೆ ಎಂದಾಗ ಕಲ್ಲೇಶಪ್ಪನಿಗೆ ನಗು ತಡೆಯುವುದೇ ಕಷ್ಟವಾಯಿತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಅವಳು ಪರದೆಯ ಮೇಲೆ ಪುಸ್ತಕಗಳನ್ನು ದೊಡ್ಡದು ಮಾಡಿ ತೋರಿಸಿದಳು. ನಲವತ್ತೆರಡು ಪುಸ್ತಕ, ಒಂದರ ಬೆನ್ನಿನ ಮೇಲೂ ಒಂದಕ್ಷರವಿಲ್ಲ. ಊರ ತುಂಬ ಅಕ್ಷರ ಬರೆದ ಕಲಾವಿದ, ಅಕ್ಷರ ಇರಲೇಬೇಕಾದ ಜಾಗದಲ್ಲಿ ಬರೆಯಲಿಲ್ಲ, ಯಾಕೆ? ಆ ಪುಸ್ತಕಗಳು ಕಾಡಮನುಷ್ಯನಿಗೆ ಮಾತ್ರ ಮುಚ್ಚಿಲ್ಲ, ಬರೆದವನೂ ಅವನ ಪಕ್ಕದಲ್ಲೇ, ಪುಸ್ತಕದ ಹೊರಗೇ ನಿಂತಿದ್ದಾನೆ ಎಂದಳು. ಅವಳು ಅದನ್ನು ಸಿದ್ಧಾಂತವಾಗಿ ಹೇಳಿದ್ದು. ಕಲ್ಲೇಶಪ್ಪನಿಗೆ ತನ್ನ ಅಂಗಿಯ ಜೇಬಿಗೇ ಕೈ ಹಾಕಿದಂತಾಯಿತು. ಮುಗದದ ಮಾಸ್ತರರು ಕೇಳದೆ ಬಿಟ್ಟ ಪ್ರಶ್ನೆಯನ್ನು ಅರವತ್ತು ದಾಟಿದ ಮೇಲೆ ಈ ಹುಡುಗಿ ಕೇಳಿದ್ದಳು.

ಅಧ್ಯಕ್ಷರು ಕಲಾವಿದರೇ ಉತ್ತರಿಸಲಿ ಎಂದು ಮೈಕು ಕೊಡಿಸಿದರು. ಹೆಸರು ಬಂದರೆ ಚಿತ್ರ ಕೆಡುತ್ತದೆ ಎಂಬ ಹಳೆಯ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅವನು ಮೊದಲು ಸುಲಭದ್ದನ್ನು, ಕಣ್ಣು ಮುಚ್ಚಿಕೊಂಡ ಮಾತನ್ನು, ಹಿಡಿದ.

"ಅಕ್ಕಾರ, ಪುಸ್ತಕಕ್ಕ ಕಾಲು ತಾಗಿದ್ರ ನೀವು ಏನ್ ಮಾಡ್ತೀರಿ?"

ಐಶ್ವರ್ಯಾಳ ಬಲಗೈ ಅವಳನ್ನು ಕೇಳದೆಯೇ ಮುಂದೆ ಚಾಚಿ, ಗಾಳಿಯನ್ನು ಮುಟ್ಟಿ, ಕಣ್ಣಿಗೆ ಹೋಯಿತು. ಹೋದ ಮೇಲೆ ಅವಳಿಗೆ ಗೊತ್ತಾಯಿತು. ಪರದೆಯ ಮೇಲಿನ ದೈತ್ಯನೂ ವೇದಿಕೆಯ ಮೇಲಿನ ಹುಡುಗಿಯೂ ಒಂದೇ ರೀತಿ ನಿಂತಿದ್ದರು. ಸಭೆ ನಕ್ಕಿತು, ಅವಳು ಎಲ್ಲರಿಗಿಂತ ಹೆಚ್ಚು ನಕ್ಕಳು.

ಇಷ್ಟಕ್ಕೇ ಕೂತಿದ್ದರೆ ಗೆದ್ದು ಬರಬಹುದಿತ್ತು. ಆದರೆ ಸೋತ ಹುಡುಗಿ ನಗುವ ಪರಿ ನೋಡಿ ಅವನಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಹೆಸರಿನ ಮಾತು ನೀವು ಹೇಳಿದ್ದು ಖರೇ ಐತ್ರಿ," ಎಂದ. "ನನಗ ಬರಿಯಾಕ ಬರತೈತಿ, ಓದಾಕ ಬರಂಗಿಲ್ಲ."

ಹಾಗಾದರೆ ಇಷ್ಟು ವರ್ಷ ಬೋರ್ಡು ಹೇಗೆ ಬರೆದಿರಿ ಎಂದು ಅಧ್ಯಕ್ಷರು ಕೇಳಿದರು. ಹೆಂಗೋ ನಡಸಿದ್ನಿರಿ ಎಂದು ಹೇಳಿ ಮೈಕು ಕೊಟ್ಟುಬಿಟ್ಟ. ಚಪ್ಪಾಳೆ ಬಿದ್ದವು. ಐಶ್ವರ್ಯಾ ಹತ್ತಿರ ಬಂದು, ಬೇಡವೆಂದರೆ ಆ ಭಾಗವನ್ನು ಪ್ರಬಂಧದಿಂದ ತೆಗೆಯುತ್ತೇನೆ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಇರಲಿ ಬಿಡಿ ಎಂದ. ಮೈ ಹಗುರಾಗಿತ್ತು, ನಿಜವಾಗಿ ಖುಷಿಯಾಗಿದ್ದ.

ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸಿನಲ್ಲಿ ಸತ್ಯವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಸಿಟ್ಟೇ ಎಂದು ಅವನು ಕೇಳಿದ.

"ಅದಕ್ಕ್ಯಾಕ ಸಿಟ್ಟು? ಚಿತ್ರದಾಗ ಯಾರಿಲ್ಲ ಅಂತ ಮೊದಲ ನೋಡ್ರಿ ಅಂದ್ಲಲ್ಲ ಆ ಹುಡುಗಿ, ನೀವು ನೋಡಿದ್ರೇನು?" ಎಂದಳು. ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು: "ಹೆಂಗೋ ನಡಸಿದ್ನಿ ಅಂದ್ರಿ. ನನ್ನ ಹೆಸರು ಹೆಂಗೋ ಏನ್ರಿ?"

ಮೂವತ್ತೈದು ವರ್ಷದ ಚೀಟಿಗಳು, ಒಲೆಯ ಮುಂದಿನ ಇದ್ದಿಲು, ಅವಳ ಕಪ್ಪಾದ ಬೆರಳು, ಎಲ್ಲ ನೆನಪಾಗಿ ಕಲ್ಲೇಶಪ್ಪನಿಗೆ ನಾಚಿಕೆಯಾಯಿತು. ತನ್ನನ್ನು ಪುಸ್ತಕದ ಹೊರಗೆ ನಿಲ್ಲಿಸಿದವರ ಲೆಕ್ಕ ಅವನಿಗಿತ್ತು. ತಾನು ಹೊರಗೆ ನಿಲ್ಲಿಸಿದವಳ ಲೆಕ್ಕ ಇರಲಿಲ್ಲ.

ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಚೀಟಿ ಮುಂದಿಟ್ಟು, ನಿನ್ನ ಹೆಸರು ಬರೆದುಕೊಡು ಎಂದ. ಅವಳು ಅವನನ್ನೊಮ್ಮೆ ನೋಡಿ, ಗೋಡೆಗೆ ಒತ್ತಿಟ್ಟು ಬರೆದು, ಮಡಚಿ ಕೈಗಿಟ್ಟಳು. ಹೆಸರಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು.

ಮಲ್ಲಿಕಸಾಬರು ಗೊಣಗುತ್ತಲೇ ಬೋರ್ಡು ಇಳಿಸಿಕೊಟ್ಟರು. ಕಲ್ಲೇಶಪ್ಪ ನಲವತ್ತೆರಡರಲ್ಲಿ ಒಂದು ಪುಸ್ತಕ ಆರಿಸಿದ. ಕಾಡಮನುಷ್ಯ ಎತ್ತಿದ ಕಾಲಿನ ಕೆಳಗಿನದು, ಕಾಲು ತಾಗಿದ್ದು. ಧೂಳು ಒರೆಸಿ, ಸಣ್ಣ ಬ್ರಷ್ಷು ತೆಗೆದು, ಚೀಟಿ ಬಿಚ್ಚಿದ. ಎರಡು ಸಾಲು ಇದ್ದವು. ಯಾವುದರ ಕೆಳಗೂ ಗೆರೆ ಇರಲಿಲ್ಲ.

ಅವನು ಎರಡನೇ ಸಾಲನ್ನು ನೋಡಿದ. ಆ ಅಕ್ಷರಗಳನ್ನು ಒಂದೊಂದಾಗಿ ಕೆರೆದವನು ಅವನೇ. ಮರೆಯುವುದುಂಟೇ?

ಯಾವ ಬಣ್ಣದಲ್ಲಿ ಬರೆಯುತ್ತೀ ಎಂದು ಮಲ್ಲಿಕಸಾಬರು ಕೇಳಿದರು.

ಕಲ್ಲೇಶಪ್ಪ ಚೀಟಿಯ ಮೇಲೆ ಬೆರಳಿಟ್ಟು, ಸಾಲೆಯ ಹುಡುಗನ ಹಾಗೆ ನಿಧಾನವಾಗಿ ಓದಿದ.

"ಕೆಂಪು ಬಣ್ಣ."

ಆ ಸಾಲನ್ನು ಅವನು ಬೋರ್ಡಿಗೆ ಇಳಿಸಲಿಲ್ಲ. ಕೆಂಪು ಡಬ್ಬಿಯ ಮುಚ್ಚಳ ತೆಗೆದು, ಮೊದಲ ಸಾಲನ್ನು ಬರೆಯತೊಡಗಿದ.